ಅಪ್ಪನ ಜೊತೆ ಬ್ಲೈಂಡ್‌ನಲ್ಲಿ ಕೂತು ಟರ್ಕಿ ಬೇಟೆ: ನನ್ನ ಅನುಭವ

ಬಿಲ್ಲಿನಿಂದ ಟರ್ಕಿ ಕೋಳಿ ಹೊಡೆಯುವಾಗ ಗುರಿ ದೊಡ್ಡ ವಿಷಯವಲ್ಲ. ಹತ್ತಿಪ್ಪತ್ತು ಗಜದ ಗುರಿ ಹಿತ್ತಲಲ್ಲಿ ಅಭ್ಯಾಸ ಮಾಡಿದರೆ ಬರುತ್ತದೆ. ಕಷ್ಟ ಇರುವುದು ಹೆದೆ ಎಳೆಯುವ ಒಂದೆರಡು ಸೆಕೆಂಡಿನಲ್ಲಿ. ಟರ್ಕಿಗೆ ವಾಸನೆ ಅಷ್ಟಾಗಿ ಗೊತ್ತಾಗುವುದಿಲ್ಲ, ಆದರೆ ಕಣ್ಣು ಬಹಳ ಚುರುಕು. ಮೊಣಕೈ ಅಲುಗಿದ್ದು ಕಂಡರೂ ಸಾಕು, ಓಟ ಕೀಳುತ್ತದೆ. ನಾನೂ ಅಪ್ಪನೂ ಮಾಡುವ ತಯಾರಿಯೆಲ್ಲ ಆ ಒಂದೆರಡು ಸೆಕೆಂಡಿಗಾಗಿಯೇ.

ನಾವು ಹೋಗುವುದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ವರ್ನನ್ ಕೌಂಟಿಗೆ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ). ಗುಡ್ಡ, ಕಣಿವೆ, ನಡುವೆ ಹಾಲಿನ ದನಗಳ ಫಾರ್ಮ್‌ಗಳು. ತೀರ್ಥಹಳ್ಳಿ ಕಡೆಯ ಅಪ್ಪನಿಗೆ ಈ ಜಾಗ ತುಂಬಾ ಇಷ್ಟ. ಊರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದಾಗಿ ಬೇಟೆ ಇಲ್ಲ. ಅವರು ಕಲಿತದ್ದೆಲ್ಲ ಇಲ್ಲಿಯೇ. ಈ ರಾಜ್ಯದಲ್ಲಿ ಕಾಡು ಟರ್ಕಿ ಒಂದು ಕಾಲಕ್ಕೆ ಪೂರ್ತಿ ಅಳಿದುಹೋಗಿತ್ತು. 1976ರಲ್ಲಿ ಮಿಸ್ಸೌರಿಯಿಂದ ಹಕ್ಕಿಗಳನ್ನು ತಂದು ಇದೇ ಕೌಂಟಿಯಲ್ಲಿ ಬಿಟ್ಟರು. 1983ರಲ್ಲಿ ವಸಂತದ ಬೇಟೆ ಶುರುವಾಯಿತು. ಅಷ್ಟು ಜತನದಿಂದ ಉಳಿಸಿದ ಹಕ್ಕಿ ಇದು, ಹಾಗಾಗಿ ನಿಯಮದಲ್ಲಿ ನಾವು ಸಡಿಲ ಬಿಡುವುದಿಲ್ಲ. ವಸಂತದಲ್ಲಿ ಗಂಡು ಹಕ್ಕಿಯನ್ನು ಇಲ್ಲವೇ ಗಡ್ಡ (ಎದೆಯಿಂದ ಜೋತುಬೀಳುವ ಕೂದಲಿನಂಥ ಗರಿ) ಇರುವ ಹಕ್ಕಿಯನ್ನು ಮಾತ್ರ ಹೊಡೆಯಬೇಕು. 1973ರ ಜನವರಿ 1ರಿಂದೀಚೆಗೆ ಹುಟ್ಟಿದವರಿಗೆ ಬೇಟೆಗಾರರ ಸುರಕ್ಷತಾ ಕೋರ್ಸ್ ಕಡ್ಡಾಯ. ಅಪ್ಪ ಅದಕ್ಕೂ ಮೊದಲು ಹುಟ್ಟಿದವರು, ಆದರೂ ನನ್ನ ಪಕ್ಕ ಕೂತು ಕೋರ್ಸ್ ಪೂರ್ತಿ ಮುಗಿಸಿದರು.

ಬ್ಲೈಂಡ್ ಅಂದರೆ ಬೇಟೆಗಾರರು ಮರೆಯಾಗಿ ಕೂರುವ, ಒಳಗೆಲ್ಲ ಕಪ್ಪಾಗಿರುವ ಪುಟ್ಟ ಗುಡಾರ. ಬಯಲಿನ ಅಂಚಿನಲ್ಲಿ ಹಾಗೇ ನಿಲ್ಲಿಸಿದರೂ ಟರ್ಕಿ ಅದಕ್ಕೆ ಹೆದರುವುದು ಕಡಿಮೆ. ಹಿಂದಿನ ಕಿಟಕಿ ಮಾತ್ರ ತೆರೆದಿರಬಾರದು, ಬೆಳಕು ಬಿದ್ದರೆ ಒಳಗಿನ ನೆರಳು ಎದ್ದು ಕಾಣುತ್ತದೆ. ಒಳಗೆ ಎಲೆ ಬಣ್ಣದ ಬಟ್ಟೆಗಿಂತ ಕಪ್ಪು ಬಟ್ಟೆಯೇ ಒಳ್ಳೆಯದು. ಕೈ, ಮುಖಕ್ಕೂ ಕಪ್ಪು. ಬಿಲ್ಲಿನ ತುದಿ ಗುಡಾರದ ಬಟ್ಟೆಗೆ ತಾಗದ ಹಾಗೆ ಸ್ಟೂಲ್ ಎಲ್ಲಿಡಬೇಕು ಅಂತ ಮೊದಲೇ ನೋಡಿಕೊಳ್ಳಬೇಕು.

ಡೆಕಾಯ್, ಅಂದರೆ ಹಕ್ಕಿಯನ್ನು ಸೆಳೆಯುವ ಬೊಂಬೆ, ಇಡುವುದು ಅಪ್ಪನ ಕೆಲಸ. ಎಳೆ ಹುಂಜದ ಬೊಂಬೆಯನ್ನು ಏಳೆಂಟು ಗಜ ದೂರದಲ್ಲಿ, ಮುಖ ನಮ್ಮ ಕಡೆಗೆ ಮಾಡಿ ನಿಲ್ಲಿಸುತ್ತಾರೆ. ದೊಡ್ಡ ಹುಂಜ ಬಂದರೆ ಸಾಮಾನ್ಯವಾಗಿ ಆ ಬೊಂಬೆಗೆ ಎದುರಾಗಿಯೇ ನಿಲ್ಲುತ್ತದೆ. ಅಂದರೆ ನಮಗೆ ಬೆನ್ನು. ಬಾಲ ಬಿಚ್ಚಿ ಮೆರೆಯುವಾಗ ಅದರ ಗರಿಗಳೇ ಅದರ ಕಣ್ಣಿಗೆ ಅಡ್ಡ. ನಾನು ಹೆದೆ ಎಳೆಯುವುದು ಆವಾಗ.

ಕೂಗು ಹಾಕುವುದೂ ಅಪ್ಪನೇ. ಸ್ಲೇಟಿನ ಮೇಲೆ ಕಡ್ಡಿ ಉಜ್ಜಿ ಹೇಂಟೆಯ ಕೂಗು ತೆಗೆಯುತ್ತಾರೆ. ಹುಂಜ ಮಾರುತ್ತರ ಕೊಟ್ಟಿತು ಅಂದರೆ ಸುಮ್ನಾಗುತ್ತಾರೆ. ಜಾಸ್ತಿ ಕೂಗಿದರೆ ಹೇಂಟೆಯೇ ತನ್ನ ಹತ್ತಿರ ಬರಲಿ ಅಂತ ಅದು ಅಲ್ಲೇ ನಿಂತುಬಿಡುತ್ತದೆ. ಹತ್ತಿರ ಬಂದಮೇಲೆ ನಮ್ಮಲ್ಲಿ ಮಾತಿಲ್ಲ. ನನ್ನ ಕಿಟಕಿಯಿಂದ ಎಲ್ಲ ಕಾಣುವುದಿಲ್ಲ, ಪಕ್ಕದ ಸಣ್ಣ ಕಿಂಡಿಯಿಂದ ಅಪ್ಪ ನೋಡುತ್ತಿರುತ್ತಾರೆ. ಹುಂಜ ತಿರುಗಿದ ಕೂಡಲೇ ನನ್ನ ಮೊಣಕಾಲು ಒತ್ತುತ್ತಾರೆ. ಹೇಂಟೆ ಪಕ್ಕದಲ್ಲೇ ನೋಡುತ್ತಿದ್ದರೆ ಒತ್ತುವುದಿಲ್ಲ. ಎಷ್ಟೋ ಸಲ ಹುಂಜ ಹಾಗೇ ಹೊರಟುಹೋಗಿದೆ. ಆದರೂ ಅಪ್ಪನ ಕಣ್ಣಿಗಿಂತ ನನ್ನ ಆತುರ ದೊಡ್ಡದು ಅಂತ ನನಗೆ ಅನಿಸಿಲ್ಲ.

ಬಾಣ ಬಿಡುವಾಗ ಒಂದು ಮಾತು ನೆನಪಿರಲಿ. ಇಷ್ಟು ದೊಡ್ಡ ಹಕ್ಕಿಯಲ್ಲಿ ಪ್ರಾಣದ ಜಾಗ ಮುಷ್ಟಿಯಷ್ಟೇ. ಅಡ್ಡ ನಿಂತಿದ್ದರೆ ರೆಕ್ಕೆ ಮೈಗೆ ಸೇರುವ ಜಾಗ, ಬೆನ್ನು ಹಾಕಿ ಬಾಲ ಬಿಚ್ಚಿದ್ದರೆ ಬಾಲದ ಬುಡದ ನಡು. ಅನುಮಾನ ಬಂದರೆ ಹೆದೆ ಇಳಿಸಿಬಿಡಿ. ಗಾಯಗೊಂಡ ಹಕ್ಕಿ ಪೊದೆಯಲ್ಲಿ ನರಳುವುದು ಬೇಡ.

ಹಕ್ಕಿ ಸಿಕ್ಕರೆ ಮರುದಿನ ಸಂಜೆ 5ರೊಳಗೆ ನೋಂದಾಯಿಸಬೇಕು. ಆಮೇಲೆ ಅಡುಗೆ. ಎದೆ ಮಾಂಸ ಬೇಗ ಒಣಗುತ್ತದೆ, ಅದನ್ನು ಮೊಸರಲ್ಲಿ ನೆನೆಸಿ ಹುರಿಯುತ್ತೇವೆ. ಕಾಲಲ್ಲಿ ಗಟ್ಟಿ ನಾರು ಜಾಸ್ತಿ. ಜನ ಅದನ್ನು ಎಸೆಯುವುದು ನೋಡಿದರೆ ಅಪ್ಪನಿಗೆ ಸಂಕಟ. ಕುಕ್ಕರ್‌ನಲ್ಲಿ ಚೆನ್ನಾಗಿ ಬೇಯಿಸಿ, ನಾರು ಬಿಡಿಸಿ ತೆಗೆದು, ಹುರಿದ ಮಸಾಲೆ ಅರೆದು ಸಾರು ಮಾಡಿ.