ರಾತ್ರಿ ನಂಬರ್ ಪ್ಲೇಟ್ ಸಿಕ್ಕಿತು: ಸೇಡಂ ಗಡಿ ಚೆಕ್‌ಪೋಸ್ಟ್ ಅನುಭವ

ಕಲಬುರಗಿ ಜಿಲ್ಲೆಯ ಸೇಡಂನಲ್ಲಿ, ತೆಲಂಗಾಣ ಗಡಿಯ ನಮ್ಮ ಚೆಕ್‌ಪೋಸ್ಟ್‌ನ ಹನ್ನೆರಡು ಅಡಿ ಕಂಬದ ಮೇಲಿನ ಕ್ಯಾಮೆರಾಕ್ಕೆ ರಾತ್ರಿ ಕಾಣುವುದು ಹೆಡ್‌ಲೈಟ್ ಮಾತ್ರ, ಪ್ಲೇಟ್ ಅಲ್ಲ. ಏಜೆನ್ಸಿಯವರು ಹೊಸ ಸೆಟ್‌ಗೆ ಆರು ಲಕ್ಷದ ಕೊಟೇಶನ್ ಕೊಟ್ಟರು. ನಮ್ಮದು ಸುಮಾರು 72 ಸಾವಿರದಲ್ಲಿ ಮುಗಿಯಿತು.

4 ಮೆಗಾಪಿಕ್ಸೆಲ್‌ನ ವೇರಿಫೋಕಲ್ (ಲೆನ್ಸ್ ಎಳೆದು ಹತ್ತಿರ-ದೂರ ಹೊಂದಿಸಬಹುದಾದ) ಬುಲೆಟ್ ಕ್ಯಾಮೆರಾವನ್ನು ಐದಡಿಗೆ ಇಳಿಸಿ, ಲೆನ್ಸ್ 12 ಮಿ.ಮೀ.ಗೆ ಎಳೆದು, ಹನ್ನೆರಡು ಮೀಟರ್ ದೂರದ ಒಂದೇ ಲೇನ್‌ಗೆ ಹಿಡಿದೆವು. ಶಟರ್ 1/1000 ಸೆಕೆಂಡಿಗೆ ಕಟ್ಟಿ ಹಾಕಿದೆವು, ಒಳಗೆ ಬರುವ ಬೆಳಕು ಕಡಿಮೆಯಾಯಿತು. ಪರದೆಯೆಲ್ಲ ಕಪ್ಪು, ಪ್ಲೇಟ್ ಮಾತ್ರ ಬೆಳ್ಳಗೆ. 'ಕ್ಯಾಮೆರಾ ಸುಟ್ಟೈತೇನ್ರಿ?' ಅಂತ ನಕ್ಕವರೇ ಆಮೇಲೆ ಪ್ರಿಂಟ್ ಕೇಳಿದರು. ಬ್ಯಾರಿಕೇಡ್ ಹಾವಿನ ಹಾಗೆ ಅಡ್ಡಾದಿಡ್ಡಿ ಇಟ್ಟು ವೇಗ ಇಪ್ಪತ್ತಕ್ಕೆ ಇಳಿಸದಿದ್ದರೆ ಇದೆಲ್ಲ ದಂಡ. ಕ್ಯಾಮೆರಾ ಎಲ್ಲಿ ಅಡಗಿಸಿದ್ದೇವೆ ಅನ್ನುವುದನ್ನು ಬರೆಯುವುದಿಲ್ಲ.

ಕ್ಯಾಮೆರಾದೊಳಗಿನ ಇನ್‌ಫ್ರಾರೆಡ್ (ಐಆರ್) ದೀಪ ಬಂದ್ ಮಾಡಿ. ಆ ಬೆಳಕಿಗೆ ಹುಳ, ಹುಳಕ್ಕೆ ಜೇಡ, ಬೆಳಗಾಗುವುದರೊಳಗೆ ಲೆನ್ಸ್ ಮುಂದೆ ಬಲೆ. ಮೂರಡಿ ಪಕ್ಕಕ್ಕೆ ಬೇರೆ ಐಆರ್ ದೀಪ ಕಟ್ಟಿದೆವು. ಬೇವಿನೆಣ್ಣೆ ಹಚ್ಚಿಯೂ ನೋಡಿದ್ದಾಯಿತು: ಜೇಡ ಎರಡು ದಿನ ದೂರ ಉಳಿಯಿತು, ಸಿಮೆಂಟ್ ಲಾರಿಗಳ ಧೂಳು ಮಾತ್ರ ಅಂಟಿ ಕೂತಿತು. ಆ ಧೂಳಿಗೆ ಇಬ್ಬನಿ ಬಿದ್ದರೆ ಗಾಜಿನ ಮೇಲೆ ಪದರ ಕಟ್ಟುತ್ತದೆ. ಒಣ ಬಟ್ಟೆಯಲ್ಲಿ ತಿಕ್ಕಿ ಒಂದು ಗಾಜು ಕೆಡಿಸಿದ್ದೇವೆ.

ದೊಡ್ಡ ಹೊಡೆತ ಕೊಟ್ಟದ್ದು ಎರಿ ಮಣ್ಣು, ಅಂದರೆ ಒಣಗಿದರೆ ಬಿರಿಯುವ ಕಪ್ಪು ಮಣ್ಣು. ಎರಡಡಿ ಗುಂಡಿಯ ಕಂಬ ಬೇಸಿಗೆಯಲ್ಲಿ ನೆಲ ಬಿರಿದಾಗ ವಾಲಿತು, ಚೌಕಟ್ಟು ಪ್ಲೇಟ್ ಬಿಟ್ಟು ಟೈರಿಗೆ ಇಳಿಯಿತು. ಐದಡಿ ತೋಡಿ, ತಳಕ್ಕೆ ಮುರುಮು (ಗರಸು ಮಣ್ಣು) ತುಂಬಿ, ಮೇಲೆ ಕಾಂಕ್ರೀಟ್ ಹಾಕಿದ ಮೇಲೆ ನಿಂತಿತು. ಬೀದರಿನ ಕೆಂಪು ನೆಲದವರಿಗೆ ಈ ಪಾಡಿಲ್ಲ.

ಕರೆಂಟಿಗೆ 335 ವಾಟ್‌ನ ಎರಡು ಸೋಲಾರ್ ಪ್ಯಾನೆಲ್, 150 ಎಎಚ್‌ನ (ಆಂಪಿಯರ್-ಅವರ್) ಎರಡು ಟ್ಯೂಬುಲರ್ ಬ್ಯಾಟರಿ. ಎರಡು ಕ್ಯಾಮೆರಾ, ಐಆರ್, ರೌಟರ್, ರೆಕಾರ್ಡರ್ ಸೇರಿ 45 ವಾಟ್ ಆಸುಪಾಸು. ಮೊದಲು ಹಾಕಿದ್ದ ಇನ್‌ವರ್ಟರ್ ಸುಮ್ಮನೆ ಕೂತೇ ಬ್ಯಾಟರಿ ತಿನ್ನುತ್ತಿತ್ತು, ಅದನ್ನು ಕಿತ್ತು ಬ್ಯಾಟರಿಯಿಂದಲೇ ನೇರ ಡಿಸಿ ಕರೆಂಟ್ ಕೊಟ್ಟೆವು. ಕಲಬುರಗಿ ಬಿಸಿಲಿಗೆ ಬ್ಯಾಟರಿ ನೀರು ತಿಂಗಳಿಗೊಮ್ಮೆ ನೋಡಲೇಬೇಕು.

ಖರ್ಚಿನ ಮಾತು: 2024ರ ಲೋಕಸಭೆ ಚುನಾವಣೆಗೆ ಮಾರ್ಚ್ 16ಕ್ಕೆ ನೀತಿಸಂಹಿತೆ ಬಂತು. ನಮ್ಮಲ್ಲಿ ಮೇ 7ಕ್ಕೆ ಮತದಾನ ಮುಗಿದರೂ ತೆಲಂಗಾಣದ್ದು ಮೇ 13ಕ್ಕೆ, ಅಲ್ಲಿಯವರೆಗೂ ಗಡಿ ತಪಾಸಣೆ. ಸೋಲಾರ್ ಬದಲು ಅಷ್ಟು ರಾತ್ರಿ ಜನರೇಟರ್ ಓಡಿಸಿದರೆ, ರಾತ್ರಿಗೆ ಹತ್ತು ಲೀಟರ್ ಹಿಡಿದರೂ, ಡೀಸೆಲ್‌ಗೇ ಐವತ್ತು ಸಾವಿರ. ಬಾಡಿಗೆ ಬೇರೆ. ಚುನಾವಣೆ ಮುಗಿದ ಮೇಲೆ ಉಳಿಯುವುದು ಬಿಲ್ಲು ಮಾತ್ರ.

ರೆಕಾರ್ಡರ್ ಗಡಿಯಾರವನ್ನು ವಾರಕ್ಕೊಮ್ಮೆ ತಾಳೆ ನೋಡಿ. ಸಿಮ್ ಡೇಟಾ ಮುಗಿದು, ಇಂಟರ್ನೆಟ್ ಸಮಯ ಸಿಗದೆ, ನಮ್ಮದು ಏಳು ನಿಮಿಷ ಹಿಂದೆ ಬಿದ್ದಿತ್ತು. ವಿಡಿಯೊ ಜೊತೆ ಕೋರ್ಟಿಗೆ ಕೊಡುವ, ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63(4)ರ ಪ್ರಮಾಣಪತ್ರದಲ್ಲಿ ಹ್ಯಾಶ್ (ಫೈಲ್ ಬದಲಾಗಿಲ್ಲ ಎಂದು ತೋರಿಸುವ ಗುರುತು) ಸರಿಯಿದ್ದರೂ ಪಂಚನಾಮೆಯ ವೇಳೆಗೆ ವಿಡಿಯೊ ಹೊಂದದಿದ್ದರೆ ವಕೀಲರು ಹಿಡಿಯುವುದೇ ಅದನ್ನು.