ಪಾರ್ಕಿನ್ಸನ್ಸ್ ಸ್ಕೋರಿಂಗ್: ಪಾರ್ಟ್ 2 ಹಿಡ್ಕೊಂಡು ನಾನು ಮಾಡಿದ್ದು

ಪಾರ್ಕಿನ್ಸನ್ಸ್ ಎಷ್ಟು ಮುಂದುವರಿದಿದೆ ಅಂತ ಹೇಳೋ ಹೋನ್ ಅಂಡ್ ಯಾರ್ ಸ್ಟೇಜ್ ಬರೆದು ಕಳಿಸು ಸಾಕು, ಬಾಕಿದೆಲ್ಲ ಟೈಮ್ ವೇಸ್ಟ್ ಅಂತ ನಮ್ಮ ಯೂನಿಟ್‌ನಲ್ಲಿ ಹೇಳದೋರೇ ಇರ್ಲಿಲ್ಲ. 1967ರಿಂದ ಇರೋ ಸ್ಟೇಜಿಂಗ್, ಅದರ ಬಗ್ಗೆ ತಕರಾರಿಲ್ಲ, ಆದ್ರೆ ವರ್ಷಗಟ್ಟಲೆ ಸ್ಟೇಜ್ 2ರಲ್ಲೇ ಇರೋ ಮನುಷ್ಯ ಶರ್ಟಿನ ಗುಂಡಿ ಹಾಕೋಕೆ ಒದ್ದಾಡ್ತಿರೋದು ಅದ್ರಲ್ಲಿ ಎಲ್ಲಿ ಕಾಣುತ್ತೆ?

ಎಂಡಿಎಸ್-ಯುಪಿಡಿಆರ್‌ಎಸ್ (ಪಾರ್ಕಿನ್ಸನ್ಸ್ ಅಳೆಯೋ ನಾಲ್ಕು ಭಾಗದ ಸ್ಕೇಲ್, ನಂಬರ್ ಜಾಸ್ತಿ ಆದಷ್ಟೂ ತೊಂದರೆ ಜಾಸ್ತಿ) ಪೂರ್ತಿ ಮಾಡೋಕೆ ಶುರು ಮಾಡಿದಾಗ ಪಾರ್ಟ್ 3, ಅಂದ್ರೆ ನಾವೇ ಕೈಕಾಲಿನ ಚಲನೆ ಪರೀಕ್ಷೆ ಮಾಡಿ ಹಾಕೋ ನಂಬರ್, ಕುಣಿದಾಡ್ತಿತ್ತು, ಒಂದೇ ಪೇಷಂಟ್‌ಗೆ ಒಂದ್ಸಲ 28, ಮುಂದಿನ ವಿಸಿಟ್‌ಗೆ 40ರ ಆಸುಪಾಸು. ಎಲ್ರೂ ಸ್ಕೇಲನ್ನೇ ಬೈದ್ರು. ವಿಷಯ ಇದ್ದಿದ್ದು ಪಾರ್ಕಿನ್ಸನ್ಸ್ ಔಷಧಿ ಲೆವೊಡೋಪಾ ಟೈಮಿನಲ್ಲಿ, ಡೋಸ್ ಇಳಿದಾಗ ನಂಬರ್ ಏರುತ್ತೆ. ಕೊನೇ ಡೋಸ್ ಆಗಿ ಎಷ್ಟು ನಿಮಿಷ ಅಂತ ಬರೆಯೋ ಜಾಗ ಫಾರಂನಲ್ಲೇ ಇದೆ, ಜನ ಖಾಲಿ ಬಿಡ್ತಾರೆ. ಈಗ ನಾನು ಪ್ರತಿ ವಿಸಿಟ್‌ಗೂ ಡೋಸ್ ಆದ್ಮೇಲೆ ಅದೇ ಅಂತರ ಇಟ್ಕೊಂಡೇ ನೋಡೋದು, ಬೇಗ ಬಂದ್ರೆ ಕೂರಿಸ್ತೀನಿ. ಫಿಂಗರ್ ಟ್ಯಾಪಿಂಗ್ (ಹೆಬ್ಬೆರಳಿಗೆ ತೋರುಬೆರಳು ತಟ್ಟೋದು) ವಿಡಿಯೋ ತೆಗೆದು ಇನ್ನೊಬ್ರ ಹತ್ರ ನನ್ನ ಸ್ಕೋರ್ ತೋರಿಸದೇ ಹಾಕಿಸ್ತೀನಿ, ಹತ್ತು ಟ್ಯಾಪ್‌ನಲ್ಲಿ ಅಗಲ ಎಲ್ಲಿಂದ ಕಮ್ಮಿ ಆಯ್ತು ಅನ್ನೋದ್ರಲ್ಲೇ ಸ್ಕೋರ್ 1 ಹಾಕೋದಾ 2 ಹಾಕೋದಾ ಅನ್ನೋ ಜಗಳ ಎಲ್ಲ ಇರೋದು. ರಿಜಿಡಿಟಿ, ಅಂದ್ರೆ ಬಿಗಿತ, ಮಾತ್ರ ಕೈ ಹಿಡಿದೇ ನೋಡ್ಬೇಕು.

ದುಡ್ಡು ಹೋಗಿದ್ದು ಬೇರೆ ಕಡೆ. ಟ್ರೆಮರ್ (ನಡುಕ) ಅಳೆಯೋ ರಿಸ್ಟ್ ಬ್ಯಾಂಡ್‌ಗೆ ಹೆಚ್ಚುಕಮ್ಮಿ ಒಂದು ತಿಂಗಳ ಸಂಬಳ ಸ್ವಂತ ಜೇಬಿಂದ ಹಾಕ್ದೆ. ಗ್ರಾಫ್ ಚೆನ್ನಾಗೇ ಬರ್ತಿತ್ತು, ಪ್ರಯೋಜನಕ್ಕೆ ಬರ್ಲಿಲ್ಲ. ಕೂತಾಗ ಕೈ ಜೋರಾಗಿ ನಡುಗೋರು ಲೋಟ ಎತ್ತುವಾಗ ನಡುಕ ಕಮ್ಮಿಯಾಗಿ ಆರಾಮಾಗಿ ಕುಡೀತಾರೆ, ನಡುಕನೇ ಇಲ್ಲದೋರು ಹಾಸಿಗೆಯಲ್ಲಿ ಮಗ್ಗುಲು ತಿರುಗೋಕಾಗದೆ ಹೆಂಡ್ತೀನ ಎಬ್ಬಿಸ್ತಾರೆ. ಮಧ್ಯದಲ್ಲಿ ಸುರುಳಿ ಬರೆಸೋದು, ಒಂದೇ ವಾಕ್ಯ ಆರು ಸಲ ಬರೆಸೋದು ಕೂಡ ಟ್ರೈ ಮಾಡ್ದೆ, ಅಕ್ಷರ ಚಿಕ್ಕದಾಗ್ತಾ ಹೋಗೋದು ಮನೆಯವರಿಗೆ ತೋರಿಸೋಕೆ ಒಳ್ಳೇದು, ಅಷ್ಟೇ.

ಕೈ ಹಿಡಿದಿದ್ದು ಪಾರ್ಟ್ 2, ದಿನನಿತ್ಯದ ಕೆಲಸ ಎಷ್ಟು ಕಷ್ಟ ಅಂತ ಪೇಷಂಟೇ ಹೇಳೋ ಭಾಗ. 13 ಪ್ರಶ್ನೆ, 0ಯಿಂದ 4, ಕಳೆದ ಒಂದು ವಾರದ ಲೆಕ್ಕ. ಒಬ್ರ ಪಾರ್ಟ್ 3 ಎರಡು ಮೂರು ಪಾಯಿಂಟ್ ಕೂಡ ಅಲುಗಾಡಿರ್ಲಿಲ್ಲ, ಪಾರ್ಟ್ 2 ಮಾತ್ರ 11ರಿಂದ 18ರ ಹತ್ರ ಏರಿತ್ತು. ಟೋಟಲ್ ನೋಡಿದೋರು ಪೇಷಂಟ್ ಸುಮ್ನೆ ಜಾಸ್ತಿ ಹೇಳ್ತಿದಾರೆ ಅಂದ್ರು. ನಾನು ಐಟಂ ಐಟಂ ಬಿಡಿಸಿ ನೋಡ್ದೆ: ಮಗ್ಗುಲು ತಿರುಗೋದು, ಹಾಸಿಗೆಯಿಂದ ಏಳೋದು, ಬಟ್ಟೆ ಹಾಕೋದು. ಎಲ್ಲಾ ರಾತ್ರಿ ಮತ್ತೆ ಬೆಳಗಿನ ಜಾವದ ಕೆಲಸ, ಅಂದ್ರೆ ಡೋಸ್ ಇಳಿದಿರೋ ಹೊತ್ತು. ನಾನು ಪಾರ್ಟ್ 3 ನೋಡ್ತಿದ್ದಿದ್ದು ಔಷಧಿ ಕೆಲಸ ಮಾಡ್ತಿರೋ ಆನ್ ಟೈಮಲ್ಲಿ, ಅವ್ರು ಒದ್ದಾಡ್ತಿದ್ದಿದ್ದು ಆಫ್ ಟೈಮಲ್ಲಿ. ನ್ಯೂರಾಲಜಿಸ್ಟ್‌ಗೆ ಅಷ್ಟೇ ಬರೆದು ಕಳಿಸ್ದೆ, ಅವ್ರು ರಾತ್ರಿ ಡೋಸ್ ಬದಲಾಯಿಸಿದ್ರು, ಮುಂದಿನ ಸಲ 12ಕ್ಕೋ 13ಕ್ಕೋ ಬಂತು. ಆಮೇಲೆ ಯೂನಿಟ್‌ನಲ್ಲಿ ಯಾರೂ ಬಾಯಿ ಬಿಡ್ಲಿಲ್ಲ, ಈಗ ಅವರೇ ಫಾರಂ ಕೇಳ್ಕೊಂಡು ಬರ್ತಾರೆ.

ಶ್ವಾಬ್ ಅಂಡ್ ಇಂಗ್ಲೆಂಡ್‌ನೂ ಜೊತೆಗೆ ಹಾಕ್ತೀನಿ, ಪೇಷಂಟ್ ಎಷ್ಟರಮಟ್ಟಿಗೆ ತಾನೇ ಕೆಲಸ ಮಾಡ್ಕೋತಾರೆ ಅಂತ ಪರ್ಸೆಂಟ್‌ನಲ್ಲಿ ಹೇಳೋ ಸ್ಕೇಲ್ ಅದು. 80% ಅಂದ್ರೆ ಕೆಲಸಕ್ಕೆ ಎರಡರಷ್ಟು ಟೈಮ್, 70% ಅಂದ್ರೆ ಕೆಲವಕ್ಕೆ ಮೂರು ನಾಕು ಪಟ್ಟು, ಹಾಗಾಗಿ "ಕಷ್ಟ ಆಗುತ್ತಾ" ಅಂತ ಕೇಳದೆ "ಸ್ನಾನ ಮಾಡಿ ರೆಡಿಯಾಗೋಕೆ ಎಷ್ಟೊತ್ತು" ಅಂತ ಕೇಳಿ. ಪೇಷಂಟ್‌ನ, ಮನೆಯವರನ್ನ ಬೇರೆಬೇರೆ ಕೂರಿಸಿ ಕೇಳಿ. ಇಬ್ಬರ ಉತ್ತರ ತಾಳೆ ಆಗದಿದ್ರೆ ನಾನು ಕೇಳೋ ಇನ್ನೊಂದು ಪ್ರಶ್ನೆ ಇದೆ, ಅದನ್ನ ಸದ್ಯಕ್ಕೆ ನನ್ನ ಹತ್ರನೇ ಇಟ್ಕೊಂಡಿದೀನಿ.