12 + 12 = 24 ಆಗಲಿಲ್ಲ: ಎರಡು ಗ್ರಾಫಿಕ್ಸ್ ಕಾರ್ಡ್ ಜೊತೆ ನನ್ನ ಅನುಭವ

ಹುಬ್ಬಳ್ಳಿಯಲ್ಲಿ ನಾನು ಮಾಡುವುದು ಮನೆ, ಲೇಔಟ್‌ಗಳ 3ಡಿ ವಾಕ್‌ಥ್ರೂ ಕೆಲಸ. ಎಂಜಿನಿಯರ್‌ಗಳು ಪ್ಲಾನ್ ಕೊಡುತ್ತಾರೆ. ನಾನು ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರ್‌ನಲ್ಲಿ ಗೋಡೆ ಎಬ್ಬಿಸಿ, ಬಣ್ಣ ಹಚ್ಚಿ, ಬೆಳಕು ಇಟ್ಟು ವಿಡಿಯೊ ಮಾಡಿಕೊಡುತ್ತೇನೆ. 2023ರ ಶುರುವಿನಲ್ಲಿ ನನ್ನ ಹಳೇ 6 ಜಿಬಿ ಮೆಮೊರಿಯ ಗ್ರಾಫಿಕ್ಸ್ ಕಾರ್ಡ್ ಯಾವ ಕೆಲಸಕ್ಕೂ ಸಾಲದಂತಾಯಿತು. ಹೊಸದು ತೆಗೆದುಕೊಳ್ಳಲೇಬೇಕಿತ್ತು.

ನನ್ನ ಮುಂದೆ ಎರಡು ದಾರಿ ಇದ್ದವು. ಒಂದು, ಎನ್ವಿಡಿಯಾ ಕಂಪನಿಯ ಸೆಕೆಂಡ್ ಹ್ಯಾಂಡ್ ಆರ್‌ಟಿಎಕ್ಸ್ 3090 ಕಾರ್ಡ್, 24 ಜಿಬಿಯದು. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಅನ್ನುವ ಕ್ರಿಪ್ಟೊಕರೆನ್ಸಿ ತನ್ನ ವ್ಯವಸ್ಥೆ ಬದಲಿಸಿದ ಮೇಲೆ ಕಾರ್ಡ್‌ಗಳಲ್ಲಿ ಅದರ ಮೈನಿಂಗ್ (ಲೆಕ್ಕ ಮಾಡಿಸಿ ನಾಣ್ಯ ಗಳಿಸುವುದು) ನಿಂತುಹೋಯಿತು. ಹಾಗಾಗಿ ಇಂಥ ದೊಡ್ಡ ಕಾರ್ಡ್‌ಗಳು ಹಳೇ ಮಾಲಿನ ಮಾರುಕಟ್ಟೆಗೆ ಬಂದಿದ್ದವು. ನನಗೆ ಹೇಳಿದ ರೇಟು 70 ಸಾವಿರದ ಮೇಲೆ. ಇನ್ನೊಂದು ದಾರಿ, ಹೊಸ ಆರ್‌ಟಿಎಕ್ಸ್ 3060, 12 ಜಿಬಿಯದು, ಎರಡು. ಒಂದೊಂದಕ್ಕೆ 30 ಸಾವಿರದ ಒಳಗೆ, ವಾರಂಟಿ ಸಮೇತ.

ಕಾಗದದ ಮೇಲೆ ಲೆಕ್ಕ ಹಾಕಿದೆ. 3060ರಲ್ಲಿ 3584 ಕೂಡಾ (CUDA) ಕೋರ್, ಅಂದರೆ ಲೆಕ್ಕ ಮಾಡುವ ಪುಟ್ಟ ಘಟಕಗಳು; ಎರಡು ಸೇರಿ 7168. 3090ರಲ್ಲಿ 10496. ಕರೆಂಟ್ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ: ಎರಡು 3060ಕ್ಕೆ 340 ವ್ಯಾಟ್, ಒಂದು 3090ಕ್ಕೆ 350. ವೇಗದಲ್ಲಿ ದೊಡ್ಡ ಕಾರ್ಡೇ ಮುಂದೆ. ಆದರೆ ಹಳೇ ಮಾಲು ಕೆಟ್ಟರೆ ಕೆಲಸವೇ ನಿಲ್ಲುತ್ತೆ. ಎರಡರಲ್ಲಿ ಒಂದು ಕೆಟ್ಟರೆ ಇನ್ನೊಂದರಲ್ಲಿ ಹೇಗೋ ನಡೆಸಬಹುದು. ಈ ಯೋಚನೆಯಲ್ಲೇ ಎರಡು 3060 ತಂದೆ.

ಆಟ ಆಡಲು ಎರಡು ಕಾರ್ಡ್ ಹಾಕಬೇಕು ಅಂತ ಯಾರಾದರೂ ಇದನ್ನು ಓದುತ್ತಿದ್ದರೆ, ಬೇಡ. 1998ರಲ್ಲಿ ವೂಡೂ 2 ಅನ್ನುವ ಕಾರ್ಡಿನ ಕಾಲದಿಂದ ಶುರುವಾದ ಆ ಪದ್ಧತಿ ಈಗ ಮುಗಿದಂತೆಯೇ. ಎನ್ವಿಡಿಯಾ 2021ರಿಂದ ಎಸ್‌ಎಲ್‌ಐ ಅನ್ನುವ ತನ್ನ ಈ ಜೋಡಿ ವ್ಯವಸ್ಥೆಗೆ ಹೊಸ ಡ್ರೈವರ್ ಪ್ರೊಫೈಲ್ ಕೊಡುವುದನ್ನೇ ನಿಲ್ಲಿಸಿದೆ. 3060ರಲ್ಲಿ ಎರಡು ಕಾರ್ಡ್ ಜೋಡಿಸುವ ಕನೆಕ್ಟರ್ ಕೂಡ ಇಲ್ಲ. ಆಟಕ್ಕೆ ಒಂದೇ ಒಳ್ಳೆಯ ಕಾರ್ಡ್ ಸಾಕು. ರೆಂಡರಿಂಗ್, ಅಂದರೆ 3ಡಿ ಸೀನಿನಿಂದ ಅಂತಿಮ ಚಿತ್ರ ತೆಗೆಯುವ ವಿಷಯ ಬೇರೆ. ಅಲ್ಲಿ ಕಾರ್ಡ್‌ಗಳನ್ನು ಒಂದಕ್ಕೊಂದು ಜೋಡಿಸಬೇಕಾಗಿಯೇ ಇಲ್ಲ.

ಮೊದಲ ವಾರ ಎರಡೂ ಕಾರ್ಡನ್ನು ಒಂದೇ ಫ್ರೇಮಿಗೆ, ಅಂದರೆ ವಿಡಿಯೊದ ಒಂದೇ ಚಿತ್ರಕ್ಕೆ ಹಚ್ಚಿದ್ದೆ. ಒಂದು ಕಾರ್ಡಿನಲ್ಲಿ 3 ನಿಮಿಷ ಹಿಡಿಯುತ್ತಿದ್ದ ಫ್ರೇಮ್ ಎರಡರಲ್ಲಿ ಒಂದೂವರೆಗೆ ಮುಗಿಯಬೇಕಲ್ವಾ? 1 ನಿಮಿಷ 50 ಸೆಕೆಂಡ್ ಹಿಡಿಯಿತು. ಯಾಕೆ ಅಂತ ಕೂತು ನೋಡಿದೆ. ಪ್ರತಿ ಫ್ರೇಮಿಗೂ ಮುಂಚೆ ಬ್ಲೆಂಡರ್ ಸೀನ್ ತಯಾರು ಮಾಡಿಕೊಳ್ಳುತ್ತೆ. ಆ ಹೊತ್ತಿನಲ್ಲಿ ಪ್ರೊಸೆಸರ್ ದುಡಿಯುತ್ತೆ, ಎರಡೂ ಕಾರ್ಡ್ ಸುಮ್ನೆ ಕೂತಿರುತ್ತವೆ. ಎಷ್ಟು ಕಾರ್ಡ್ ಹಾಕಿದರೂ ಆ ಸಮಯ ಕಮ್ಮಿಯಾಗುವುದಿಲ್ಲ.

ಆಮೇಲೆ ದಾರಿ ಬದಲಿಸಿದೆ. ಬ್ಲೆಂಡರನ್ನೇ ಎರಡು ಸಲ ತೆರೆದೆ. CUDA_VISIBLE_DEVICES ಅನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ (ಪ್ರೋಗ್ರಾಂ ಶುರುವಾಗುವಾಗ ಓದಿಕೊಳ್ಳುವ ಸೆಟ್ಟಿಂಗ್) ಒಂದು ಕಡೆ 0, ಇನ್ನೊಂದು ಕಡೆ 1 ಕೊಟ್ಟೆ. ಹಾಗೆ ಮಾಡಿದರೆ ಒಂದೊಂದು ಬ್ಲೆಂಡರಿಗೂ ಒಂದೊಂದೇ ಕಾರ್ಡ್ ಕಾಣುತ್ತೆ. ಔಟ್‌ಪುಟ್ ಸೆಟ್ಟಿಂಗ್‌ನಲ್ಲಿ ಓವರ್‌ರೈಟ್ ತೆಗೆದು ಪ್ಲೇಸ್‌ಹೋಲ್ಡರ್ಸ್ ಟಿಕ್ ಮಾಡಿದೆ. ಈಗ ಎರಡೂ ಒಂದೇ ಫೋಲ್ಡರಿಗೆ ಬರೆಯುತ್ತವೆ. ಮೊದಲನೆಯದು ಒಂದು ಫ್ರೇಮ್ ಶುರು ಮಾಡಿದ ತಕ್ಷಣ ಅದರ ಹೆಸರಿನಲ್ಲಿ ಖಾಲಿ ಫೈಲ್ ಇಡುತ್ತೆ, ಎರಡನೆಯದು ಅದನ್ನು ನೋಡಿ ಮುಂದಿನ ಫ್ರೇಮಿಗೆ ಹೋಗುತ್ತೆ. 40 ಸೆಕೆಂಡಿನ ವಿಡಿಯೊ, ಸೆಕೆಂಡಿಗೆ 25 ಫ್ರೇಮ್, ಅಂದರೆ 1000 ಫ್ರೇಮ್. ಒಂದೇ ಕಾರ್ಡಿಗೆ 50 ಗಂಟೆಯ ಕೆಲಸ, ಹೀಗೆ ಮಾಡಿದ ಮೇಲೆ ಒಂದು ದಿನದ ಮೇಲೆ ಸ್ವಲ್ಪ ಹೊತ್ತಿಗೆ ಮುಗಿಯಿತು. ಸೀನ್ ಎರಡು ಸಲ ತೆರೆದಿರುವುದರಿಂದ ರ‍್ಯಾಮ್ ಜಾಸ್ತಿ ಬೇಕು. ನನ್ನ ಹತ್ತಿರ 32 ಜಿಬಿ ಇದ್ದದ್ದು ಒಳ್ಳೇದಾಯಿತು.

ಇನ್ನೊಂದು ಅನುಕೂಲ ನಾನು ಮೊದಲು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಒಂದು ಕಾರ್ಡ್ ರೆಂಡರ್ ಮಾಡುತ್ತಿರುವಾಗ ಇನ್ನೊಂದರಲ್ಲಿ ಮುಂದಿನ ಮನೆಯ ಕೆಲಸ ಮಾಡಬಹುದು. ಮುಂಚೆ ರೆಂಡರ್ ಹಚ್ಚಿದರೆ ಮೌಸ್ ಕೂಡ ತಡವರಿಸುತ್ತಿತ್ತು.

ಬಿಸಿ ಮಾತ್ರ ನಿಜವಾದ ತೊಂದರೆ. ಒಂದರ ಕೆಳಗೊಂದು ಕಾರ್ಡ್ ಕೂತರೆ ಕೆಳಗಿನದು ಬಿಟ್ಟ ಬಿಸಿ ಗಾಳಿಯನ್ನೇ ಮೇಲಿನದು ಎಳೆದುಕೊಳ್ಳುತ್ತೆ. ಏಪ್ರಿಲ್ ಬಿಸಿಲಲ್ಲಿ ನನ್ನ ಮೇಲಿನ ಕಾರ್ಡ್ 83 ಡಿಗ್ರಿ, ಕೆಳಗಿನದು 66. ಮುಂದೆ ಎರಡು ಫ್ಯಾನ್ ಹಾಕಿಸಿ, ಮೇಲಿನ ಕಾರ್ಡಿನ ಪವರ್ ಮಿತಿಯನ್ನು 170ರಿಂದ 140 ವ್ಯಾಟಿಗೆ ಇಳಿಸಿದೆ. 83 ಇದ್ದದ್ದು 74ಕ್ಕೆ ಬಂತು, ಫ್ರೇಮಿಗೆ ಹೆಚ್ಚಾದದ್ದು ಕೆಲವೇ ಸೆಕೆಂಡ್. ಮದರ್‌ಬೋರ್ಡಿನ ಎರಡನೇ ಸ್ಲಾಟ್ ನಿಧಾನದ್ದು, ಡೇಟಾ ಸಾಗಲು ಬರೀ ನಾಲ್ಕು ಲೇನ್. ಅದರಿಂದ ತೊಂದರೆ ಆಗುತ್ತೆ ಅಂತ ಹೆದರಿದ್ದೆ, ಆಗಲಿಲ್ಲ. ಸೀನ್ ಕಾರ್ಡಿಗೆ ಹೋದ ಮೇಲೆ ಲೆಕ್ಕವೆಲ್ಲ ಕಾರ್ಡಿನ ಒಳಗೇ ನಡೆಯುತ್ತೆ.

ಹೀಗೆ ಒಂದು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ಬಂದದ್ದು ಒಂದು ಲೇಔಟ್ ಕೆಲಸ. 60 ಸೈಟು, ರಸ್ತೆ ಬದಿಗೆ ಹೊಂಗೆ ಮರ, ಪಾರ್ಕು, ಗುಡಿ. "ಶುಕ್ರವಾರ ಮುಂಜಾನೆ ವಿಡಿಯೊ ಬೇಕ್ರಿ ಸರ, ಪಾರ್ಟಿ ಬರ್ತಾರ್ರಿ" ಅಂದಿದ್ದರು ಎಂಜಿನಿಯರ್. ಬುಧವಾರ ರಾತ್ರಿ ರೆಂಡರ್ ಒತ್ತಿದೆ. ಪರದೆಯ ಮೇಲೆ ಒಂದೇ ಸಾಲು: ಸಿಸ್ಟಮ್ ಈಸ್ ಔಟ್ ಆಫ್ ಜಿಪಿಯು ಮೆಮೊರಿ.

ಎರಡು 12 ಸೇರಿ 24 ಆಗುವುದಿಲ್ಲ ಅನ್ನುವುದು ನನಗೆ ಓದಿ ಗೊತ್ತಿತ್ತು. ಅದರ ಬಿಸಿ ತಟ್ಟಿದ್ದು ಆವತ್ತು. ಪ್ರತಿ ಕಾರ್ಡೂ ಇಡೀ ಸೀನನ್ನು ತನ್ನ ಮೆಮೊರಿಯಲ್ಲೇ ಇಟ್ಟುಕೊಳ್ಳಬೇಕು. ಸೀನ್ 15 ಜಿಬಿ ಬೇಡಿದರೆ 12 ಜಿಬಿಯ ಹತ್ತು ಕಾರ್ಡ್ ಇದ್ದರೂ ಮೆಮೊರಿಯ ಕೊರತೆ ನೀಗುವುದಿಲ್ಲ.

ಆ ರಾತ್ರಿ ಮೆಮೊರಿ ಎಲ್ಲಿ ಹೋಗುತ್ತಿದೆ ಅಂತ ಒಂದೊಂದಾಗಿ ಹುಡುಕಿದೆ. ಹೆಂಚಿನ ಒಂದು ಚಿತ್ರ ಡಿಸ್ಕಿನಲ್ಲಿ 5 ಎಂಬಿಯ ಜೆಪೆಗ್. ಕಾರ್ಡಿನೊಳಗೆ ಅದು ಬಿಚ್ಚಿಕೊಳ್ಳುತ್ತೆ: 4096 ಅಡ್ಡ, 4096 ಉದ್ದ, ಒಂದೊಂದು ಪಿಕ್ಸೆಲ್‌ಗೆ 4 ಬೈಟ್, ಒಟ್ಟು 64 ಎಂಬಿ. ನನ್ನ ಸೀನಿನಲ್ಲಿ ಇಂಥವು ನೂರಕ್ಕೂ ಜಾಸ್ತಿ ಇದ್ದವು, ದೂರದ ಕಾಂಪೌಂಡ್ ಗೋಡೆಗೂ 4ಕೆ ಹಾಕಿದ್ದೆ. ಬ್ಲೆಂಡರಿನ ಸಿಂಪ್ಲಿಫೈ ಸೆಟ್ಟಿಂಗ್‌ನಲ್ಲಿ ಟೆಕ್ಸ್‌ಚರ್ ಲಿಮಿಟ್, ಅಂದರೆ ಇಂಥ ಚಿತ್ರಗಳ ಗರಿಷ್ಠ ಅಳತೆಯನ್ನು 2048ಕ್ಕೆ ಇಳಿಸಿದೆ. ಒಂದೊಂದು ಚಿತ್ರ 16 ಎಂಬಿಗೆ ಇಳಿಯಿತು. ಮರಗಳನ್ನು ಶಿಫ್ಟ್ ಡಿ ಒತ್ತಿ ನಕಲು ಮಾಡಿದ್ದೆ, ಅಂದರೆ ಪ್ರತಿ ಮರದ ಎಲೆ, ಕೊಂಬೆಯೂ ಮೆಮೊರಿಯಲ್ಲಿ ಬೇರೆ ಬೇರೆ ಕೂರುತ್ತಿದ್ದವು. ಅವನ್ನು ತೆಗೆದು ಆಲ್ಟ್ ಡಿ ಒತ್ತಿ ಮತ್ತೆ ಇಟ್ಟೆ. ಆಗ ಒಂದೇ ಮರದ ಜಾಮೆಟ್ರಿಯನ್ನು ಎಲ್ಲವೂ ಹಂಚಿಕೊಳ್ಳುತ್ತವೆ. ಬೆಳಗಿನ ನಾಲ್ಕಕ್ಕೆ ಸೀನ್ 10 ಜಿಬಿಗೆ ಬಂತು. ಶುಕ್ರವಾರ ವಿಡಿಯೊ ಕೊಟ್ಟೆ. ಆದರೆ ಕ್ಯಾಮೆರಾ ಗುಡಿಯ ಹತ್ತಿರ ಹೋದಾಗ ಕಂಬದ ಕಲ್ಲು ಮಸುಕಾಗಿ ಕಾಣುತ್ತಿತ್ತು. ನನಗೆ ಅದು ಇವತ್ತಿಗೂ ಕೊರೆಯುತ್ತೆ.

ಮುಂದಿನ ತಿಂಗಳು ಒಂದು 3060 ಮಾರಿ, ಬೆಂಗಳೂರಿನಲ್ಲಿ ಕಂಪ್ಯೂಟರ್ ಅಂಗಡಿಗಳಿರುವ ಎಸ್‌.ಪಿ. ರೋಡಿಗೆ ಹೋದೆ, 3090 ಹುಡುಕಿಕೊಂಡು. ಅರ್ಧ ಗಂಟೆ ರೆಂಡರ್ ಓಡಿಸಿ ನೋಡಿಯೇ ತಗೋತೀನಿ ಅಂದೆ. "ಅಷ್ಟೊತ್ತು ಯಾರೂ ನೋಡಲ್ಲ ಸರ್" ಅಂದರು ಅಂಗಡಿಯವರು. ನಾನು ಕೂತೇಬಿಟ್ಟೆ. ಈ ಕಾರ್ಡಿನ 24 ಮೆಮೊರಿ ಚಿಪ್‌ಗಳಲ್ಲಿ 12 ಹಿಂಬದಿಯಲ್ಲಿವೆ, ಅಲ್ಲಿಗೆ ಫ್ಯಾನ್ ಗಾಳಿ ಸರಿಯಾಗಿ ಸಿಗುವುದಿಲ್ಲ. ಮೇಲ್ನೋಟಕ್ಕೆ 70 ಡಿಗ್ರಿ ತೋರಿಸುತ್ತಿದ್ದ ಕಾರ್ಡಿನ ಮೆಮೊರಿ ಜಂಕ್ಷನ್ (ಮೆಮೊರಿ ಚಿಪ್‌ನ ಒಳಗಿನ ಬಿಸಿ) ಹದಿನೈದೇ ನಿಮಿಷಕ್ಕೆ 106 ಮುಟ್ಟಿತು. 110 ಆದರೆ ಕಾರ್ಡ್ ತಾನೇ ವೇಗ ಇಳಿಸುತ್ತೆ. ಚಿಪ್‌ನ ಬಿಸಿಯನ್ನು ಹೊರಗೆ ದಾಟಿಸುವ ಥರ್ಮಲ್ ಪ್ಯಾಡ್ ಒಣಗಿದೆ ಅಂತ ಗೊತ್ತಾಯಿತು. ಅದನ್ನು ತೋರಿಸಿಯೇ 4 ಸಾವಿರ ಕಮ್ಮಿ ಮಾಡಿಸಿ ತಂದೆ, ಮನೆಯಲ್ಲಿ ಪ್ಯಾಡ್ ಬದಲಿಸಿದೆ. ಈಗ 88 ದಾಟುವುದಿಲ್ಲ. ಇದಕ್ಕೆ ಅಂತ 1000 ವ್ಯಾಟಿನ ಪವರ್ ಸಪ್ಲೈ ಕೂಡ ತೆಗೆದುಕೊಳ್ಳಬೇಕಾಯಿತು, ಆ ಖರ್ಚನ್ನೂ ಮೊದಲೇ ಸೇರಿಸಿ ಲೆಕ್ಕ ಹಾಕಿ.

ಈಗ 3090 ಮತ್ತು ಉಳಿದ 3060 ಎರಡೂ ಒಂದೇ ಡಬ್ಬದಲ್ಲಿವೆ. ಸೀನ್ 11 ಜಿಬಿ ಒಳಗಿದ್ದರೆ ಎರಡರಲ್ಲೂ ಬ್ಲೆಂಡರ್ ಓಡುತ್ತೆ, 3090 ಹೆಚ್ಚುಕಮ್ಮಿ ಎರಡು ಫ್ರೇಮ್ ಮುಗಿಸುವಷ್ಟರಲ್ಲಿ 3060 ಒಂದು ಮುಗಿಸುತ್ತೆ. ಅದಕ್ಕಿಂತ ದೊಡ್ಡದಾದರೆ 3090 ಒಂದೇ ದುಡಿಯುತ್ತೆ, ನಾನು 3060ರಲ್ಲಿ ಮುಂದಿನ ಮನೆ ಕಟ್ಟುತ್ತೇನೆ. ಬರೀ ಮನೆಗಳ ಕೆಲಸವೇ ಇದ್ದಿದ್ದರೆ ಆ ಎರಡು 3060ರಲ್ಲೇ ಖುಷಿಯಾಗಿ ಇರುತ್ತಿದ್ದೆ. ಲೇಔಟ್ ಕೆಲಸ ಬರುತ್ತೆ ಅಂತ ಮೊದಲೇ ಗೊತ್ತಿದ್ದರೆ ಮೊದಲ ದಿನವೇ 3090 ತರುತ್ತಿದ್ದೆ. ಕಳೆದ ವಾರ ಆ ಹಳೇ ಲೇಔಟ್ ಫೈಲನ್ನು ತೆರೆದು, ಟೆಕ್ಸ್‌ಚರ್ ಲಿಮಿಟ್ ತೆಗೆದು, ಗುಡಿಯ ಶಾಟ್ ಒಂದನ್ನೇ ಮತ್ತೆ ರೆಂಡರ್ ಮಾಡಿದೆ. ಕಂಬದ ಮೇಲಿನ ಉಳಿಯ ಗೀರು ಒಂದೊಂದೂ ಕಾಣುತ್ತಿತ್ತು. ಎಂಜಿನಿಯರಿಗೆ ಅದನ್ನು ಕಳಿಸಿದ್ದೇನೆ.